ದ್ರಾವಕಗಳ ಆವಿ: ಥಿನ್ನರು, ಸ್ಪಿರಿಟು, ಪೆಟ್ರೋಲು ಮೊದಲಾದವನ್ನು ಗ್ರಾಮಗಳಲ್ಲಿ ಜೋಪಾನವಾಗಿ ಬಳಸತಕ್ಕ ಕ್ರಮ

ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿದ್ದಿತು. 1923ನೆಯ ಇಸವಿ ಜನವರಿ ತಿಂಗಳಲ್ಲಿ ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು ಕೆಲಸವನ್ನಾರಂಭಿಸಿದಾಗ, ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುವುದಕ್ಕೆ ಸಮೀಪದಲ್ಲೆಲ್ಲಿಯೂ ಕಲ್ಲಿದ್ದಲು ದೊರೆಯುತ್ತಿರಲಿಲ್ಲ. ಆದುದರಿಂದ ಮಲೆನಾಡಿನ ಸೌದೆಯನ್ನೇ ಇದ್ದಲನ್ನಾಗಿ ಮಾಡಿ ಕುಲುಮೆಗೆ ಹಾಕಬೇಕಾಯಿತು. ಈ ಸೌದೆಯನ್ನು ಬಯಲಿನಲ್ಲಿ ಸುಡದೆ, ಗಾಳಿಯಾಡದ ದೊಡ್ಡ ಕಬ್ಬಿಣದ ಪಾತ್ರೆಗಳಲ್ಲಿಟ್ಟು ಕಾಯಿಸಿ, ಅದರಿಂದೇಳುವ ಹೊಗೆಯನ್ನು ತಣಿಸಿ ದ್ರವರೂಪದಲ್ಲಿ ಹಿಡಿಯುತ್ತಿದ್ದರು. ಆ ದ್ರವದಿಂದ ಟಾರೂ, ಸುಣ್ಣವನ್ನು ಸೇರಿಸಿ ಪಡೆಯುವ ಅಸಿಟೇಟೂ, ಮರದ ಸ್ಪಿರಿಟೂ ಬೇರೆ ಬೇರೆಯಾಗಿ ದೊರೆಯುತ್ತಿದ್ದುವು. ಮರದ ಸ್ಪಿರಿಟಿಗೆ ಈಗ ಮೆಥನಾಲ್ ಎಂದು ಹೆಸರು. ಬೇಗನೆ ಹೊತ್ತಿಕೊಳ್ಳುವ, ಕುಡಿದರೆ ಕಣ್ಣನ್ನೂ ಪ್ರಾಣವನ್ನೂ ತೆಗೆಯುವ ದ್ರಾವಕವೊಂದನ್ನು ನಮ್ಮ ನಾಡಿನಲ್ಲಿ ಕಾರ್ಖಾನೆಯ ಮಟ್ಟದಲ್ಲಿ ತಯಾರಿಸಿದ್ದು ಹೀಗೆ ಭದ್ರಾ ನದಿಯ ದಡದಲ್ಲಿ.

ಇಂಥ ವಸ್ತುಗಳನ್ನು ತಯಾರಿಸುವ ಸ್ಥಳಕ್ಕೆ ಬೇಲಿಯಿರುತ್ತದೆ, ಕಾವಲಿರುತ್ತದೆ, ಬೀಡಿ ಸೇದಕೂಡದೆಂಬ ಕಟ್ಟಳೆಯಿರುತ್ತದೆ, ಕೆಲಸ ಬಲ್ಲ ಮೇಸ್ತ್ರಿಯಿರುತ್ತಾನೆ. ಈಗಿನ ಸ್ಥಿತಿ ಬೇರೆ. ದ್ರಾವಕಗಳು ಕಾರ್ಖಾನೆಯ ಬಾಗಿಲನ್ನು ದಾಟಿ ಹಳ್ಳಿಯ ಅಟ್ಟಕ್ಕೂ ಕೊಟ್ಟಿಗೆಗೂ ಬಂದಿವೆ. ಕಟ್ಟಳೆಗಳು ಮಾತ್ರ ಬಾಗಿಲಿನಲ್ಲಿಯೇ ನಿಂತುಹೋಗಿವೆ. ಶಿವಮೊಗ್ಗದ ಯಾವ ಬಣ್ಣದ ಅಂಗಡಿಯಲ್ಲಿಯಾದರೂ ಥಿನ್ನರು ಸಿಕ್ಕುವುದು. ಟ್ರಾಕ್ಟರಿನ ಟ್ರೇಲರಿಗೆ ಬಣ್ಣ ಹೊಡೆಸಲು ಅದು ಬೇಕು. ಬಾಗಿಲಿಗೆ ಪಾಲಿಷ್ ಮಾಡಿಸಲು ಸ್ಪಿರಿಟು ಬೇಕು. ತೋಟದ ಕಳೆ ಕತ್ತರಿಸುವ ಯಂತ್ರಕ್ಕೆ ಪೆಟ್ರೋಲು ಬೇಕು. ನೀರಿನ ಪೈಪುಗಳನ್ನು ಜೋಡಿಸಲು ಸೊಲ್ಯೂಷನ್ ಎಂದು ಕರೆಯುವ ಅಂಟು ಬೇಕು. ಕೀಟನಾಶಕದ ಡಬ್ಬಿಯ ಮೇಲೆ ಹೆಸರಿನ ಮುಂದೆ ‘ಇ.ಸಿ.’ ಎಂಬೆರಡಕ್ಷರಗಳಿದ್ದರೆ ಅದರೊಳಗೂ ದ್ರಾವಕವಿದೆಯೆಂದು ತಿಳಿಯತಕ್ಕದ್ದು. ನೀರಿನಲ್ಲಿ ಕರಗದ ವಿಷವನ್ನು ಬಹುಮಟ್ಟಿಗೆ ಜೈಲೀನಿನಂಥ ಎಣ್ಣೆಯಲ್ಲಿ ಕರಗಿಸಿಟ್ಟಿರುವುದರಿಂದಲೇ ಆ ಔಷಧವು ನೀರಿಗೆ ಬಿದ್ದೊಡನೆ ಹಾಲಿನಂತೆ ಬೆಳ್ಳಗಾಗುವುದು. ರೈತನು ವಿಷಕ್ಕೆ ಹೆದರುತ್ತಾನೆ. ಅದನ್ನು ಹೊತ್ತಿರುವ ಎಣ್ಣೆಯು ಹೊತ್ತಿಕೊಳ್ಳುವುದೆಂಬುದು ಅವನ ಲಕ್ಷ್ಯಕ್ಕೆ ಬರುವುದಿಲ್ಲ. ಸಿಂಪಡಿಸುವ ಕೆಲಸದ ನಡುವೆ ಬೀಡಿ ಹಚ್ಚುವವರನ್ನು ನೋಡದ ಯಜಮಾನರು ಯಾರಿದ್ದಾರೆ?

‘ದ್ರಾವಕ’ ಎಂಬ ಶಬ್ದದ ವಿಷಯದಲ್ಲಿ ಒಂದು ಮಾತು. ಹಿಂದಿನವರು ಗಂಧಕದ್ರಾವಕ ಮೊದಲಾದ ಆಮ್ಲಗಳಿಗೆ ಈ ಹೆಸರನ್ನು ಉಪಯೋಗಿಸುತ್ತಿದ್ದರು. ಇಲ್ಲಿ ಹೇಳುತ್ತಿರುವುದು ಆಮ್ಲಗಳನ್ನು ಕುರಿತಲ್ಲ; ಬಣ್ಣ, ಅಂಟು, ಜಿಡ್ಡು, ಔಷಧ ಇವುಗಳನ್ನು ಕರಗಿಸಿ, ತರುವಾಯ ತಾನು ಗಾಳಿಯಲ್ಲಿ ಹಾರಿಹೋಗುವ ದ್ರವಗಳನ್ನು ಕುರಿತು. ಹಾರಿಹೋಗುವುದೇ ಇವುಗಳ ಗುಣ, ಹಾರಿಹೋಗುವುದೇ ಇವುಗಳ ದೋಷ.

ಆವಿಯ ಸ್ವಭಾವ

ಉರಿಯುವುದು ದ್ರವವಲ್ಲ, ದ್ರವದ ಆವಿ. ಈ ಸಂಗತಿಯನ್ನು ಮನಸ್ಸಿನಲ್ಲಿ ದೃಢಪಡಿಸಿಕೊಂಡರೆ ಉಳಿದ ಎಚ್ಚರಿಕೆಗಳು ತಾವಾಗಿಯೇ ಹೊಳೆಯುವುವು. ಪ್ರತಿಯೊಂದು ದ್ರವಕ್ಕೂ ಅದರ ಆವಿಯು ಕಿಡಿ ತಾಗಿದೊಡನೆ ಹೊತ್ತಿಕೊಳ್ಳುವಷ್ಟು ಏಳುವುದಕ್ಕೆ ಬೇಕಾದ ಅತಿ ಕಡಮೆ ಶಾಖವೊಂದುಂಟು. ಪೆಟ್ರೋಲಿಗೆ ಅದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಅಸಿಟೋನಿಗೆ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ. ಥಿನ್ನರುಗಳಲ್ಲಿ ಹೆಚ್ಚಾಗಿ ಬೆರೆಸುವ ಟಾಲೂಯೀನಿಗೆ 4 ಡಿಗ್ರಿ. ಮೆಥನಾಲಿಗೆ 11 ಡಿಗ್ರಿ. ಜೈಲೀನಿಗೆ 27ರ ಆಸುಪಾಸು. ಸೀಮೆಎಣ್ಣೆಗೆ 38ರ ಆಸುಪಾಸು. ಶಿವಮೊಗ್ಗದ ಮಾಗಿಯ ಚಳಿಯಲ್ಲಿಯೂ ಮೊದಲ ನಾಲ್ಕು ದ್ರವಗಳು ಹೊತ್ತಿಕೊಳ್ಳಲು ಸಿದ್ಧವಾಗಿಯೇ ಇರುತ್ತವೆಂದಾಯಿತು. ಇನ್ನು ಸೀಮೆಎಣ್ಣೆಗೆ ಕಡ್ಡಿ ಗೀರಿ ಹಾಕಿದರೂ ಹೊತ್ತುವುದಿಲ್ಲವೆಂದು ಹೇಳುವ ಹಿರಿಯರುಂಟು. ನೆರಳಿನಲ್ಲಿಟ್ಟ ಎಣ್ಣೆಗೆ ಆ ಮಾತು ಬಹುಮಟ್ಟಿಗೆ ಸರಿ. ಆದರೆ ಚೈತ್ರ ವೈಶಾಖಗಳಲ್ಲಿ ತಗಡಿನ ಮಾಡಿನ ಉಗ್ರಾಣದೊಳಗೆ ಮಧ್ಯಾಹ್ನ ಮೂರು ಗಂಟೆಗೆ ನಿಂತು ನೋಡಿದವರಿಗೆ 38 ಡಿಗ್ರಿಯೆಂಬುದು ದೂರದ ಮಾತಲ್ಲವೆಂದು ಗೊತ್ತಿದೆ.

ಎರಡನೆಯದಾಗಿ, ಈ ಆವಿಗಳು ಗಾಳಿಗಿಂತ ಭಾರವಾದುವು. ಅಸಿಟೋನಿನ ಆವಿಯು ಗಾಳಿಯ ಎರಡರಷ್ಟು, ಟಾಲೂಯೀನಿನದು ಮೂರರಷ್ಟಕ್ಕಿಂತ ಸ್ವಲ್ಪ ಹೆಚ್ಚು, ಪೆಟ್ರೋಲಿನದು ಮೂರರಿಂದ ನಾಲ್ಕರಷ್ಟು ತೂಗುವುದು. ಒಲೆಯ ಹೊಗೆಯಂತೆ ಮೇಲಕ್ಕೇರಿ ಹೆಂಚಿನ ಸಂದಿನಿಂದ ಹೊರಗೆ ಹೋಗುವುದು ಇವುಗಳ ರೀತಿಯಲ್ಲ. ಕಾಲುವೆಯ ನೀರಿನಂತೆ ನೆಲವನ್ನು ಹಿಡಿದು ತಗ್ಗನ್ನು ಹುಡುಕಿಕೊಂಡು ಹರಿಯುವುವು. ಕಣ್ಣಿಗೆ ಕಾಣದಿರುವುದೊಂದೇ ವ್ಯತ್ಯಾಸ. ನೀರು ಕಟ್ಟುವವನು ಗದ್ದೆಯ ಯಾವ ಮೂಲೆಗೆ ನೀರು ಮೊದಲು ಮುಟ್ಟುವುದೆಂದು ಕಣ್ಣು ಮುಚ್ಚಿ ಹೇಳಬಲ್ಲನು. ಅದೇ ದೃಷ್ಟಿಯಿಂದ ತನ್ನ ಮನೆಯ ಅಂಗಳವನ್ನು ಅವನು ನೋಡಬೇಕು: ಇಲ್ಲಿ ಥಿನ್ನರು ಚೆಲ್ಲಿದರೆ ಅದರ ಆವಿ ಎಲ್ಲಿಗೆ ಹರಿದೀತು? ಅಲ್ಲಿ ಒಲೆಯಿದೆಯೆ, ಬಚ್ಚಲಿನ ನೀರೊಲೆಯಿದೆಯೆ, ದೇವರ ದೀಪವಿದೆಯೆ?

ಅಡಿಕೆಯ ಕೊಯ್ಲಿನ ಕಾಲದಲ್ಲಿ ಈ ಪ್ರಶ್ನೆ ಅತ್ಯಂತ ಮುಖ್ಯವಾದುದು. ಹಂಡೆಯ ಒಲೆ ಹಗಲಿರುಳು ಉರಿಯುತ್ತಿರುವುದು. ಒಲೆಯನ್ನು ಸಾಮಾನ್ಯವಾಗಿ ಅಂಗಳದ ತಗ್ಗಿನ ಬದಿಯಲ್ಲಿ ಹೂಡುತ್ತಾರೆ. ಅದೇ ದಿನಗಳಲ್ಲಿ ಚಪ್ಪರದ ಕಂಬಗಳಿಗೂ ಯಂತ್ರಗಳಿಗೂ ಬಣ್ಣ ಬಳಿಯುವ ಕೆಲಸ ಮೇಲಿನ ಜಗುಲಿಯಲ್ಲಿ ನಡೆಯುವುದುಂಟು. ಡಬ್ಬಿಗೂ ಒಲೆಗೂ ಇಪ್ಪತ್ತು ಮೂವತ್ತು ಅಡಿ ಅಂತರವಿದೆಯೆಂದು ಯಜಮಾನನು ಧೈರ್ಯವಾಗಿರುತ್ತಾನೆ. ಗಾಳಿ ಬೀಸದ ಸಂಜೆಯಲ್ಲಿ ಆವಿಯು ಮೆಟ್ಟಿಲಿಳಿದು ಒಲೆಯನ್ನು ಮುಟ್ಟಿದರೆ, ಬೆಂಕಿಯು ಆ ಆವಿಯ ಜಾಡನ್ನೇ ಹಿಡಿದು ಕಣ್ಣೆವೆಯಿಕ್ಕುವುದರೊಳಗೆ ಹಿಂದಕ್ಕೆ ಓಡಿ ಡಬ್ಬಿಯನ್ನು ಸೇರುವುದು. ದೂರದಲ್ಲಿದ್ದ ಬೆಂಕಿ ಇಲ್ಲಿಗೆ ಹೇಗೆ ಬಂದಿತೆಂದು ಆಮೇಲೆ ಆಶ್ಚರ್ಯಪಡುವುದುಂಟು. ಬೆಂಕಿಯು ಬಂದುದಲ್ಲ, ಆವಿಯು ಹೋಗಿ ಕರೆತಂದುದು.

ಎಷ್ಟು ಆವಿ ಇದ್ದರೆ ಅಪಾಯವೆಂದು ಕೇಳಬಹುದು. ಗಾಳಿಯ ನೂರು ಪಾಲಿನಲ್ಲಿ ಟಾಲೂಯೀನಿನ ಆವಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚಾದರೆ ಸಾಕು, ಆ ಮಿಶ್ರಣವು ಕಿಡಿಗಾಗಿ ಕಾದಿರುವುದು. ಲೆಕ್ಕ ಹಾಕಿದರೆ, ಒಂದು ಲೀಟರು ಟಾಲೂಯೀನು ಪೂರ್ತಿ ಆವಿಯಾಗಿ ಗಾಳಿಯಲ್ಲಿ ಸಮನಾಗಿ ಬೆರೆತರೆ ಹತ್ತಡಿ ಉದ್ದ, ಎಂಟಡಿ ಅಗಲ, ಒಂಬತ್ತಡಿ ಎತ್ತರದ ಇಡೀ ಕೋಣೆಯನ್ನು ಸಿಡಿಯುವ ಸ್ಥಿತಿಗೆ ತರಬಲ್ಲುದು. ಆವಿಯು ನೆಲದಲ್ಲಿಯೇ ಮಡುಗಟ್ಟುವುದರಿಂದ ವಾಸ್ತವದಲ್ಲಿ ಇನ್ನೂ ಬಹು ಕಡಮೆಯೇ ಸಾಕು. ಆ ಕೋಣೆಯಲ್ಲಿ ಕಡ್ಡಿ ಗೀರಬೇಕೆಂದೇನೂ ಇಲ್ಲ. ವಿದ್ಯುತ್ತಿನ ಗುಂಡಿಯನ್ನೊತ್ತುವಾಗ ಒಳಗೆ ಹುಟ್ಟುವ ಕಿಡಿಯೇ ಸಾಕಾಗಬಹುದು. ಆದುದರಿಂದ ಮುಚ್ಚಿದ ಕೋಣೆಯಲ್ಲಿ ಥಿನ್ನರಿನ ವಾಸನೆ ಬಲವಾಗಿ ಬಂದರೆ ದೀಪವನ್ನು ಹಾಕುವುದೂ ಕೂಡದು, ಆರಿಸುವುದೂ ಕೂಡದು. ಬಾಗಿಲು ಕಿಟಕಿಗಳನ್ನು ತೆರೆದು ಹೊರಕ್ಕೆ ಬರತಕ್ಕದ್ದು.

ಹಗೇವಿನ ದೀಪ

ಭದ್ರಾವತಿಯಿಂದ ಮೂಡಲಿಗೆ ಬಯಲುಸೀಮೆಯ ಕಡೆಗೆ ಹೋದರೆ ಹಿಂದೆ ರಾಗಿ ಜೋಳಗಳನ್ನು ಹಗೇವಿನಲ್ಲಿ ತುಂಬಿಡುವ ಪದ್ಧತಿ ವಿಶೇಷವಾಗಿದ್ದಿತು. ಹಗೇವನ್ನು ತೆರೆದೊಡನೆ ಒಳಗಿಳಿಯಬಾರದೆಂದು ಹಿರಿಯರು ಕಟ್ಟಪ್ಪಣೆ ಮಾಡಿದ್ದರು. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ತರುವಾಯ ಹಗ್ಗದಲ್ಲಿ ದೀಪವನ್ನಿಳಿಸಿ ನೋಡುತ್ತಿದ್ದರು. ದೀಪ ನಂದಿದರೆ ಮನುಷ್ಯನು ಇಳಿಯಲಾಗದು. ಧಾನ್ಯವೂ ಉಸಿರಾಡುವುದರಿಂದ ಒಳಗಿನ ಪ್ರಾಣವಾಯು ತೀರಿ ಇಂಗಾಲಾಮ್ಲ ವಾಯು ತುಂಬಿಕೊಂಡಿರುವುದೇ ಇದಕ್ಕೆ ಕಾರಣವಾಗಿದೆ. ಗ್ರಂಥಗಳಿಲ್ಲದೆಯೇ ಕಂಡುಕೊಂಡ ಈ ಕ್ರಮವು ನಮ್ಮ ರೈತರ ಬುದ್ಧಿಗೆ ಸಾಕ್ಷಿ.

ಆದರೆ ಇದೇ ಕ್ರಮವನ್ನು ದ್ರಾವಕದ ಆವಿಯಿರುವ ಸ್ಥಳದಲ್ಲಿ ಅನುಸರಿಸುವುದು ಮರಣವನ್ನು ಹಗ್ಗ ಕಟ್ಟಿ ಇಳಿಸಿದಂತೆಯೇ ಸರಿ. ಹಗೇವಿನಲ್ಲಿ ದೀಪ ನಂದುವುದು. ಥಿನ್ನರಿನ ಆವಿ ತುಂಬಿದ ತೊಟ್ಟಿಯಲ್ಲಿ ದೀಪವು ಇಡೀ ತೊಟ್ಟಿಯನ್ನೇ ಸಿಡಿಸುವುದು. ಡೀಸೆಲ್ ಪಂಪನ್ನು ಬಾವಿಯೊಳಗಿಳಿಸಿ ಓಡಿಸಿದಾಗಲೂ ದೀಪದ ಪರೀಕ್ಷೆ ಮೋಸವೇ: ಎಂಜಿನಿನ ಹೊಗೆಯಲ್ಲಿರುವ ವಿಷವಾಯುವು ದೀಪವನ್ನು ನಂದಿಸುವುದಕ್ಕಿಂತ ಬಹಳ ಮುಂಚೆಯೇ ಮನುಷ್ಯನನ್ನು ಕೆಡಹುವುದು.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಹೊಡೆಯಬೇಕೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ವ್ಯವಸಾಯ ಇಲಾಖೆಯ ಡಾಕ್ಟರ್ ಕೋಲ್ಮನ್‌ರವರು ಮಲೆನಾಡಿಗೆ ತೋರಿಸಿಕೊಟ್ಟ ಕಾಲದಿಂದ, ದ್ರಾವಣವು ಸರಿಯಾಗಿದೆಯೆ ಎಂದು ಉಜ್ಜಿದ ಚೂರಿಯನ್ನು ಅದ್ದಿ ನೋಡುವ ಪರೀಕ್ಷೆಯನ್ನು ತೋಟದವರೆಲ್ಲ ಕಲಿತಿದ್ದಾರೆ. ಚೂರಿಯ ಮೇಲೆ ತಾಮ್ರದ ಕೆಂಪು ಕಟ್ಟಿದರೆ ಸುಣ್ಣ ಸಾಲದು. ದ್ರಾವಕದ ಆವಿಗೆ ಮನೆಯಲ್ಲಿ ಮಾಡತಕ್ಕ ಇಂಥ ಪರೀಕ್ಷೆ ಯಾವುದೂ ಇಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮೂಗನ್ನು ನಂಬುವುದೂ ಆಗದು. ಮೊದಲ ಹತ್ತು ನಿಮಿಷ ವಾಸನೆ ಮೂಗಿಗೆ ಬಡಿಯುವುದು. ಅನಂತರ ಮೂಗು ಮರಗಟ್ಟಿ ವಾಸನೆಯೇ ಇಲ್ಲವೆಂದು ತೋರುವುದು. ಆವಿ ಕಡಮೆಯಾಗಿರುವುದಿಲ್ಲ, ಬಹುಶಃ ಹೆಚ್ಚಾಗಿರುವುದು.

ನೀರಿನ ತೊಟ್ಟಿಯ ಒಳಗೋಡೆಗೆ ಬಣ್ಣ ಅಥವಾ ನೀರು ಸೋರದಂತೆ ತಡೆಯುವ ಲೇಪವನ್ನು ಬಳಿಸುವವರು ಇದನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. ತೊಟ್ಟಿಯೆಂಬುದು ಒಂದು ಹಗೇವೇ. ಒಳಗಿಳಿದ ಕೂಲಿಯವನಿಗೆ ಮೊದಲು ತಲೆ ಹಗುರವಾದಂತಾಗುವುದು, ಹೆಂಡ ಕುಡಿದವನಂತೆ ಮಾತು ತೊದಲುವುದು, ಆಮೇಲೆ ಕಾಲು ಸೋಲುವುದು. ಅವನನ್ನು ಎತ್ತಲೆಂದು ಮೇಲಿನವನು ಧುಮುಕುವನು, ಅವನೂ ಬೀಳುವನು. ಇಂಥ ಸ್ಥಳಗಳಲ್ಲಿ ಒಬ್ಬನ ಹಿಂದೆ ಮತ್ತೊಬ್ಬನು ಸಾಯುವುದು ಹೀಗೆಯೇ. ಸಾಧ್ಯವಾದರೆ ನೀರಿನಲ್ಲಿ ಕಲಸುವ ಲೇಪವನ್ನೇ ಆರಿಸಿಕೊಳ್ಳತಕ್ಕದ್ದು. ದ್ರಾವಕದ ಲೇಪವೇ ಅವಶ್ಯವಾದರೆ ಅದಕ್ಕೆ ತಕ್ಕ ಸಲಕರಣೆಯುಳ್ಳ ಕಸುಬಿನವರಿಂದಲೇ ಮಾಡಿಸಬೇಕು. ತೊಟ್ಟಿಯ ತಳಕ್ಕೆ ಮುಟ್ಟುವಂತೆ ಕೊಳವೆಯ ಮೂಲಕ ಹೊಸ ಗಾಳಿಯನ್ನು ಎಡೆಬಿಡದೆ ಊದಿಸುತ್ತಿರಬೇಕು. ಒಳಗಿರುವವನ ಮೈಗೆ ಹಗ್ಗ ಕಟ್ಟಿ, ಅದರ ತುದಿಯನ್ನು ಹೊರಗೆ ಇಬ್ಬರು ಹಿಡಿದಿರಬೇಕು. ಬಿದ್ದವನನ್ನು ಹೊರಗಿನಿಂದಲೇ ಎಳೆಯುವುದಲ್ಲದೆ ಬರಿಯ ಕೈಯಲ್ಲಿ ಯಾರೂ ಒಳಗಿಳಿಯಕೂಡದು, ಬಿದ್ದವನು ಸ್ವಂತ ಮಗನಾಗಿದ್ದರೂ ಇಳಿಯಕೂಡದು. ಬರೆಯಲು ಕಠಿಣವಾದ ಮಾತು. ಆದರೆ ಊರಿನ ಹಿರಿಯರು ಮುಂಚಿತವಾಗಿ ಹೇಳಿಟ್ಟಿರದಿದ್ದರೆ ಆ ಗಳಿಗೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡರೆ ಸಾಕೆಂಬ ಭಾವನೆ ಪ್ರಚಾರದಲ್ಲಿದೆ. ಬಟ್ಟೆಯು ಧೂಳನ್ನು ತಡೆಯುವುದೇ ಹೊರತು ಆವಿಯನ್ನು ತಡೆಯಲಾರದು. ಆವಿಯನ್ನು ಹಿಡಿಯುವ ಮುಖವಾಡಗಳಲ್ಲಿ ವಿಶೇಷವಾಗಿ ಸಿದ್ಧಪಡಿಸಿದ ಇದ್ದಲಿನ ಡಬ್ಬಿಗಳಿರುತ್ತವೆ. ಅವು ಸಹ ಸ್ವಲ್ಪ ಕಾಲದ ಮೇಲೆ ತುಂಬಿ ನಿರುಪಯುಕ್ತವಾಗುವುವು, ಮತ್ತು ಪ್ರಾಣವಾಯುವೇ ಕಡಮೆಯಾಗಿರುವ ಗುಂಡಿಯಲ್ಲಿ ಅವುಗಳಿಂದ ಏನೂ ಪ್ರಯೋಜನವಿಲ್ಲ.

ಬರಿದಾದ ಪೀಪಾಯಿ

ಶಿವಮೊಗ್ಗ, ಭದ್ರಾವತಿಗಳ ಗುಜರಿ ಅಂಗಡಿಗಳಲ್ಲಿ ಇನ್ನೂರು ಲೀಟರಿನ ಕಬ್ಬಿಣದ ಪೀಪಾಯಿಗಳು ಕಡಮೆ ಬೆಲೆಗೆ ದೊರೆಯುತ್ತವೆ. ಇವುಗಳಿಂದ ರೈತನಿಗೆ ನೂರು ಉಪಯೋಗ. ಮೇಲಿನ ಮುಚ್ಚಳವನ್ನು ಕತ್ತರಿಸಿದರೆ ನೀರಿನ ಪೀಪಾಯಿ. ಉದ್ದಕ್ಕೆ ಸೀಳಿದರೆ ದನಕ್ಕೆ ಬಾನಿ. ಬಾಗಿಲು ಕೊರೆದರೆ ಒಲೆ. ಕೊಂಡುಕೊಳ್ಳುವಾಗ ಅದರಲ್ಲಿ ಮೊದಲು ಏನಿದ್ದಿತೆಂದು ಕೇಳುವವರು ವಿರಳ. ಮೂತಿಯನ್ನು ತಿರುವಿ, ತಲೆಕೆಳಗು ಮಾಡಿ, ಒಂದು ತೊಟ್ಟೂ ಬೀಳದಿದ್ದರೆ ಬರಿದಾಗಿದೆಯೆಂದು ತೃಪ್ತರಾಗುತ್ತಾರೆ.

ಬರಿದಾದ ಪೀಪಾಯಿಯು ತುಂಬಿದ ಪೀಪಾಯಿಗಿಂತ ಅಪಾಯಕರವೆಂದರೆ ವಾಚಕರು ನಂಬಲಿಕ್ಕಿಲ್ಲ. ಆದರೆ ವಿಚಾರ ಮಾಡಿ ನೋಡಬೇಕು. ತುಂಬಿದ ಪೀಪಾಯಿಯಲ್ಲಿ ಗಾಳಿಗೆ ಸ್ಥಳವಿಲ್ಲ, ಗಾಳಿಯಿಲ್ಲದೆ ಉರಿಯಿಲ್ಲ. ಬರಿದಾದುದರಲ್ಲಿ ತಳದ ಮಡಿಕೆಯ ಸಂದಿನಲ್ಲಿ ಒಂದು ಚಮಚೆಯಷ್ಟು ಥಿನ್ನರು ಉಳಿದಿದ್ದರೂ, ಅದು ಆವಿಯಾಗಿ ಒಳಗಿನ ಗಾಳಿಯೊಡನೆ ಹದವಾಗಿ ಬೆರೆತು, ಸುತ್ತಲೂ ಗಟ್ಟಿ ಕಬ್ಬಿಣದ ಕವಚವಿರುವ ಒಂದು ಗರ್ನಾಲಿನಂತಾಗುವುದು. ಅದಕ್ಕೆ ಗ್ಯಾಸ್ ಕಟಿಂಗಿನ ಜ್ವಾಲೆ ತಾಗಿಸುವುದೆಂದರೆ ಬತ್ತಿಗೆ ಬೆಂಕಿಯಿಟ್ಟಂತೆಯೇ. ಕತ್ತರಿಸುವವನು ಮುಚ್ಚಳದ ಮೇಲೆಯೇ ಬಾಗಿರುತ್ತಾನೆ. ಮುಚ್ಚಳವೇ ಮೊದಲು ಹಾರುವುದು.

ತೊಳೆದಿದ್ದೇವೆಂದು ಹೇಳುವವರಿಗೂ ಉತ್ತರವುಂಟು. ಟಾಲೂಯೀನು, ಜೈಲೀನು, ಪೆಟ್ರೋಲು ಇವು ನೀರಿನಲ್ಲಿ ಕರಗುವುದಿಲ್ಲ. ನಾಲ್ಕು ಕೊಡ ನೀರು ಹಾಕಿ ಕುಲುಕಿ ಚೆಲ್ಲಿದರೆ ಮಡಿಕೆಯಲ್ಲಿ ಕುಳಿತ ಎಣ್ಣೆಯೂ ಒಣಗಿದ ಬಣ್ಣದ ಹೊಪ್ಪಳೆಯೂ ಅಲ್ಲಿಯೇ ಇರುವುವು. ವಾಸನೆಯಿಲ್ಲದಿದ್ದರೂ, ಕಬ್ಬಿಣ ಕಾದೊಡನೆ ಅವುಗಳಿಂದ ಹೊಸದಾಗಿ ಆವಿಯೇಳುವುದು. ಉಳಿಯಿಂದ ಕಡಿದರೂ ಕಿಡಿಯೇಳುವುದರಿಂದ ಅದೂ ನಿರಪಾಯವಲ್ಲ. ಉಳಿದುದನ್ನು ಸುಟ್ಟುಬಿಡೋಣವೆಂದು ಮೂತಿಯೊಳಗೆ ಉರಿಯುವ ಕಡ್ಡಿ ಹಾಕುವವರ ವಿಷಯದಲ್ಲಿ ಹೇಳತಕ್ಕದ್ದೇನಿದೆ? ಕಾರ್ಖಾನೆಗಳಲ್ಲಿ ಹಬೆಯಿಂದ ಬಹಳ ಹೊತ್ತು ಬೇಯಿಸಿ, ಆವಿಯನ್ನು ಅಳೆಯುವ ಉಪಕರಣದಿಂದ ನೋಡಿ, ಅನಂತರವೇ ಜ್ವಾಲೆಯನ್ನು ಹತ್ತಿರ ತರುವರು. 1948ರ ಕಾರ್ಖಾನೆಗಳ ಕಾಯಿದೆಯು ಇದನ್ನು ಸ್ಪಷ್ಟವಾಗಿಯೇ ವಿಧಿಸಿದ್ದಿತು: ಹೊತ್ತಿಕೊಳ್ಳುವ ವಸ್ತುವಿರುವ, ಅಥವಾ ಹಿಂದೆ ಇದ್ದ, ಯಾವ ಪಾತ್ರೆಗೂ ಆ ವಸ್ತುವನ್ನೂ ಅದರ ಆವಿಯನ್ನೂ ತೆಗೆಯದೆ ಬೆಸುಗೆಯನ್ನಾಗಲಿ ಕಾಯಿಸಿ ಕತ್ತರಿಸುವ ಕೆಲಸವನ್ನಾಗಲಿ ಮಾಡಕೂಡದು. ‘ಹಿಂದೆ ಇದ್ದ’ ಎಂಬ ಮಾತನ್ನು ಕಾಯಿದೆ ಬರೆದವರು ಸುಮ್ಮನೆ ಸೇರಿಸಲಿಲ್ಲ. ಊರಿನ ರಸ್ತೆಯ ಬದಿಯ ವೆಲ್ಡಿಂಗ್ ಅಂಗಡಿಗೆ ಈ ವಿವೇಕವನ್ನು ತಲುಪಿಸುವವರು ಯಾರು? ಪೀಪಾಯಿಯನ್ನು ಹೊತ್ತು ತರುವ ಯಜಮಾನರೇ ತಲುಪಿಸಬೇಕಾಗಿದೆ. ಕೆಲಸದವನು ಬೇಡವೆಂದರೂ ಒತ್ತಾಯ ಮಾಡಿ ಕತ್ತರಿಸಿಕೊಳ್ಳುವ ಗಿರಾಕಿಗಳನ್ನು ಈ ಲೇಖಕನು ಕಂಡಿದ್ದಾನೆ.

ಆದುದರಿಂದ ಕ್ರಮವು ಹೀಗಿರಲಿ. ಮೊದಲು ಏನಿದ್ದಿತೆಂದು ತಿಳಿಯದ ಪೀಪಾಯಿಯನ್ನು ಕೊಳ್ಳತಕ್ಕದ್ದಲ್ಲ. ದ್ರಾವಕ ಅಥವಾ ಕೀಟನಾಶಕವಿದ್ದ ಪೀಪಾಯಿಯನ್ನು ನೀರಿಗಾಗಲಿ ಬಾನಿಗಾಗಲಿ ಧಾನ್ಯಕ್ಕಾಗಲಿ ಎಂದಿಗೂ ಉಪಯೋಗಿಸಕೂಡದು. ತಿನ್ನುವ ಎಣ್ಣೆ ಅಥವಾ ಬೆಲ್ಲದ ಪಾಕ ಬಂದ ಪೀಪಾಯಿಗಳೂ, ಮುಚ್ಚಳ ಬಿಚ್ಚುವಂತೆ ಮಾಡಿದ ಪೀಪಾಯಿಗಳೂ ದೊರೆಯುತ್ತವೆ. ಬೆಲೆ ಸ್ವಲ್ಪ ಹೆಚ್ಚಾದರೂ ಅವನ್ನೇ ತರುವುದು ಮೇಲು. ಮೈಲುತುತ್ತವನ್ನು ಕರಗಿಸಲಿಕ್ಕಂತೂ ಯಾವ ಕಬ್ಬಿಣದ ಪೀಪಾಯಿಯೂ ಆಗದು.

ಸಂಗ್ರಹಿಸುವ ವಿಷಯ

ಇದರಲ್ಲಿ ಹೆಚ್ಚು ಹೇಳತಕ್ಕದ್ದಿಲ್ಲ. ಬೇಕಾದಷ್ಟನ್ನೇ ತಂದು, ಉಳಿದುದನ್ನು ವಾಸದ ಮನೆಯಿಂದ ಬೇರೆಯಾದ, ಒಲೆಗಿಂತ ತಗ್ಗಿನಲ್ಲಿರುವ, ನೆಲಮಟ್ಟದಲ್ಲಿಯೂ ಗಾಳಿಗಂಡಿಗಳುಳ್ಳ ಕೋಣೆಯಲ್ಲಿಡಬೇಕು. ಗಂಡಿ ಮೇಲೆ ಮಾತ್ರ ಇದ್ದರೆ ಭಾರವಾದ ಆವಿಯು ಹೊರಗೆ ಹೋಗುವುದೆಂತು? ಪೆಟ್ರೋಲನ್ನು ಮಾರಾಟಕ್ಕಲ್ಲದೆ ಸ್ವಂತಕ್ಕೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದ ಪರಿಮಿತಿಯನ್ನು 1934ರ ಪೆಟ್ರೋಲಿಯಮ್ ಕಾಯಿದೆಯು 30 ಲೀಟರೆಂದು ಗೊತ್ತುಮಾಡಿದೆ. ಅದನ್ನಿಡುವ ಪಾತ್ರೆಯು ಬಿಗಿಯಾದ ಬಿರಟೆಯುಳ್ಳದ್ದಾಗಿ, ಗಾಜು ಅಥವಾ ಪಿಂಗಾಣಿಯದಾದರೆ 1 ಲೀಟರನ್ನೂ, ಲೋಹದ್ದಾದರೆ 25 ಲೀಟರನ್ನೂ ಮೀರಕೂಡದು. ಪ್ಲಾಸ್ಟಿಕ್ ಕ್ಯಾನಿನ ಹೆಸರು ಆ ಕಾಯಿದೆಯಲ್ಲಿಲ್ಲವೆಂಬುದನ್ನು ಗಮನಿಸಬೇಕು. ಅಗಲವಾದ ಪ್ಲಾಸ್ಟಿಕ್ಕಿನ ಮೇಲೆ ಪೆಟ್ರೋಲು ರಭಸದಿಂದ ಸುರಿದಾಗ, ಚಳಿಗಾಲದಲ್ಲಿ ನೈಲಾನು ಅಂಗಿ ಕಳಚುವಾಗ ಚಟಚಟವೆನ್ನುವಂಥ ವಿದ್ಯುತ್ತು ಸೇರಿಕೊಂಡು ಕಿಡಿ ಹಾರುವುದುಂಟು. ಲೋಹದ ಪಾತ್ರೆಯನ್ನು ನೆಲದ ಮೇಲಿಟ್ಟು ನಿಧಾನವಾಗಿ ತುಂಬಿದರೆ ಆ ವಿದ್ಯುತ್ತು ನೆಲಕ್ಕೆ ಇಳಿದುಹೋಗುವುದು. ಕಳೆ ಕತ್ತರಿಸುವ ಯಂತ್ರಕ್ಕೆ ಪೆಟ್ರೋಲು ಹಾಕುವಾಗ ಅದನ್ನು ನಿಲ್ಲಿಸಿ, ಕೈಯಿಟ್ಟರೆ ಸುಡದಷ್ಟು ಆರುವವರೆಗೆ ಕಾಯಬೇಕು. ಕೂಲಿಯವರ ಒಂದು ಎಲೆಯಡಿಕೆಯ ಹೊತ್ತು ಇದಕ್ಕೆ ಸಾಕು.

ಬಣ್ಣದ ಚಿಂದಿಗಳ ವಿಷಯವನ್ನು ಮರೆಯಕೂಡದು. ಅಗಸೆಯೆಣ್ಣೆ ಸೇರಿದ ಬಣ್ಣವನ್ನೊರಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ, ಹಸಿಯಾಗಿ ಒಟ್ಟಿದ ಹುಲ್ಲಿನ ಬಣವೆ ಒಳಗೊಳಗೇ ಕಾಯುವಂತೆ ಅವೂ ಕಾದು ತಾವಾಗಿಯೇ ಹೊತ್ತಿಕೊಳ್ಳಬಹುದು. ಅವನ್ನು ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಹಾಕಿ ಮುಚ್ಚಿಡತಕ್ಕದ್ದು.

ಬೆಂಕಿ ಬಿದ್ದರೆ ಕೊಡಗಟ್ಟಲೆ ನೀರು ಸುರಿಯುವುದು ನಮ್ಮ ಜನರ ಸ್ವಭಾವ. ಪೆಟ್ರೋಲೂ ಥಿನ್ನರೂ ನೀರಿನ ಮೇಲೆ ತೇಲುವುದರಿಂದ ಉರಿಯು ನೀರಿನೊಡನೆ ಹರಿದು ಇನ್ನಷ್ಟು ದೂರ ಹಬ್ಬುವುದು. ಇಂಥ ಬೆಂಕಿಗೆ ಒಣ ಮರಳೂ ಪುಡಿಯ ನಂದಕವೂ ತಕ್ಕವು. ಉರಿಯುವುದು ಡಬ್ಬಿಯ ಬಾಯಿ ಮಾತ್ರವಾದರೆ ಅದರ ಮೇಲೆ ತಗಡಿನ ಹಲಗೆಯೊಂದನ್ನು ಜಾರಿಸಿದರೆ ಸಾಕು. ಮೈಮೇಲಿನ ಬಟ್ಟೆ ಹೊತ್ತಿದವನನ್ನು ಓಡಲು ಬಿಡದೆ ನೆಲಕ್ಕೆ ಕೆಡವಿ, ಉರುಳಿಸಿ, ಉಣ್ಣೆಯ ಕಂಬಳಿಯನ್ನು ಹೊದಿಸಬೇಕು. ಮೆಥನಾಲಿನ ಉರಿಯು ಬಿಸಿಲಿನಲ್ಲಿ ಬಹುಮಟ್ಟಿಗೆ ಕಾಣಿಸುವುದೇ ಇಲ್ಲ.

ಶರೀರಕ್ಕಾಗುವ ಹಾನಿ

ಕೆಲಸ ಮುಗಿದ ಮೇಲೆ ಕೈಗಂಟಿದ ಬಣ್ಣವನ್ನು ಥಿನ್ನರಿನಿಂದಲೋ ಸೀಮೆಎಣ್ಣೆಯಿಂದಲೋ ತೊಳೆಯುವ ಅಭ್ಯಾಸ ಎಲ್ಲೆಡೆಯೂ ಇದೆ. ಈ ಲೇಖಕನೂ ಬಹುಕಾಲ ಹಾಗೆಯೇ ತೊಳೆದವನು. ದ್ರಾವಕವು ಬಣ್ಣವನ್ನು ಕರಗಿಸುವಂತೆಯೇ ಚರ್ಮದ ಸಹಜವಾದ ಜಿಡ್ಡನ್ನೂ ಕರಗಿಸಿ, ಆ ದಾರಿಯಿಂದ ಸ್ವಲ್ಪ ಸ್ವಲ್ಪವಾಗಿ ರಕ್ತವನ್ನು ಸೇರುವುದು. ಕೊಬ್ಬರಿ ಎಣ್ಣೆಯನ್ನು ತಿಕ್ಕಿ ಆಮೇಲೆ ಸೋಪಿನಿಂದ ತೊಳೆದರೆ ಬಣ್ಣವು ಹೋಗುವುದು, ತಡವಾದರೂ ಹೋಗುವುದು. ವರ್ಷಗಟ್ಟಲೆ ಈ ಆವಿಗಳನ್ನು ಸೇವಿಸಿದವರಿಗೆ ತಲೆನೋವು, ಮರೆವು, ಕೈಕಾಲುಗಳ ಜೋಮು ಉಂಟಾಗುವುದು. ಪೆಟ್ರೋಲಿನಲ್ಲಿ ಸ್ವಲ್ಪಮಟ್ಟಿಗೆ ಇರುವ ಬೆಂಜೀನೆಂಬ ಅಂಶವು ರಕ್ತದ ಅರ್ಬುದ ರೋಗಕ್ಕೆ ಕಾರಣವೆಂದು ವೈದ್ಯಶಾಸ್ತ್ರದಲ್ಲಿ ಸಿದ್ಧವಾಗಿದೆ. ಕೊಳವೆಯನ್ನು ಬಾಯಿಗಿಟ್ಟು ಪೆಟ್ರೋಲನ್ನು ಹೀರಿ ಇಳಿಸುವ ಚಾಳಿಯನ್ನು ಇಂದಿಗೇ ಬಿಡಿಸತಕ್ಕದ್ದು.

ಮೆಥನಾಲಿನ ವಿಷಯವೇ ಬೇರೆ. ನೋಟದಲ್ಲಿ ನೀರು, ವಾಸನೆಯಲ್ಲಿ ಸಾರಾಯಿ, ಅಮಲಿನಲ್ಲಿಯೂ ಮೊದಲಿಗೆ ಸಾರಾಯಿಯೇ. 10 ಮಿಲಿಲೀಟರು, ಅಂದರೆ ಎರಡು ಚಮಚೆಯಷ್ಟು, ಕಣ್ಣನ್ನು ಕಳೆಯಬಲ್ಲುದು. 30 ಮಿಲಿಲೀಟರು ಪ್ರಾಣವನ್ನೇ ತೆಗೆಯಬಹುದು. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಇದನ್ನು ಬೆರೆಸಿದ ಕಳ್ಳ ಸಾರಾಯಿಯಿಂದ ಮುನ್ನೂರಕ್ಕೆ ಮೇಲ್ಪಟ್ಟು ಜನರು ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆಗಳಲ್ಲಿಯೂ ತಮಿಳುನಾಡಿನ ಕೃಷ್ಣಗಿರಿಯ ಕಡೆಯಲ್ಲಿಯೂ ಅಂಥದೇ ಅನಾಹುತವು ಮರುಕಳಿಸಿ ನೂರಾರು ಸಂಸಾರಗಳು ಹಾಳಾದುವು. ಸತ್ತವರಲ್ಲಿ ಬಹು ಮಂದಿ ಕೂಲಿ ಮಾಡಿ ಜೀವಿಸುವವರು.

ಪಾಲಿಷಿಗೆಂದು ತಂದ ಸ್ಪಿರಿಟನ್ನೂ, ಕಾರ್ಖಾನೆಯಿಂದ ಯಾರೋ ತಂದುಕೊಟ್ಟ ಹೆಸರಿಲ್ಲದ ದ್ರವವನ್ನೂ ತಂಪು ಪಾನೀಯದ ಸೀಸೆಯಲ್ಲಿ ತುಂಬಿ ಅಟ್ಟದ ಮೇಲಿಡುವುದು ಎಷ್ಟು ಘೋರವೆಂಬುದು ಇದರಿಂದ ತಿಳಿಯುವುದು. ಮೂಲದ ಡಬ್ಬಿಯನ್ನು ಬಿಟ್ಟು ಬೇರೆ ಪಾತ್ರೆಗೆ ಸುರಿದೊಡನೆ ವಸ್ತುವಿನ ಹೆಸರು ಹೋಗುವುದು. ಹೆಸರು ಹೋದ ಮೇಲೆ ಅದು ಯಾರ ಬಾಯಿಗಾದರೂ ಹೋಗಬಹುದು. ಗ್ರಾಮದಲ್ಲಿ ಮದುವೆ, ಜಾತ್ರೆ, ಚುನಾವಣೆಗಳ ಸಮಯದಲ್ಲಿ ಅಗ್ಗದ ಸಾರಾಯಿ ಎಲ್ಲಿಂದ ಬಂದಿತೆಂದು ವಿಚಾರಿಸುವ ಹಕ್ಕೂ ಹೊಣೆಯೂ ಊರಿನ ಮುಖಂಡರಿಗಿದೆ.

ಮೆಥನಾಲು ಕುಡಿದವನು ಮೊದಲ ದಿನ ಅಮಲಿಳಿದು ಸ್ವಸ್ಥನಾದಂತೆಯೇ ಕಾಣುವನು. ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳು ಕಳೆದ ಮೇಲೆ ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣ ಮುಂದೆ ಮಂಜು ಕವಿದಂತೆ ಅಥವಾ ಹಿಮ ಸುರಿದಂತೆ ಬೆಳ್ಳಗೆ ಕಾಣುವುದು. ನಿದ್ರೆ ಮಾಡಿದರೆ ಸರಿಹೋಗುವುದೆಂದು ಮನೆಯವರು ಮಲಗಿಸುವ ಆ ಗಂಟೆಗಳೇ ಚಿಕಿತ್ಸೆಗೆ ಬೆಲೆಯುಳ್ಳ ಗಂಟೆಗಳು. ಇದಕ್ಕೆ ಪ್ರತ್ಯೌಷಧವುಂಟು, ಆಸ್ಪತ್ರೆಯಲ್ಲಿ ರಕ್ತವನ್ನು ಯಂತ್ರದಿಂದ ಶುದ್ಧಿ ಮಾಡುವ ಕ್ರಮವೂ ಉಂಟು. ಎರಡೂ ಮನೆಯಲ್ಲಿ ಮಾಡತಕ್ಕವಲ್ಲ. ಒಬ್ಬನಿಗೆ ಕಣ್ಣು ಮಂಜಾದರೆ ಅವನೊಡನೆ ಕುಡಿದ ಎಲ್ಲರನ್ನೂ, ಅವರು ಚೆನ್ನಾಗಿದ್ದೇವೆಂದು ಹೇಳಿದರೂ, ಒಟ್ಟಿಗೆ ಕರೆದೊಯ್ಯಬೇಕು.

ಥಿನ್ನರು, ಸೀಮೆಎಣ್ಣೆ, ಪೆಟ್ರೋಲು ಅಥವಾ ‘ಇ.ಸಿ.’ ಔಷಧವನ್ನು ಮಗುವೇ ಆಗಲಿ ದೊಡ್ಡವರೇ ಆಗಲಿ ಕುಡಿದಿದ್ದರೆ ವಾಂತಿ ಮಾಡಿಸಲಾಗದು. ಉಪ್ಪುನೀರು, ಹಾಲು, ಎಣ್ಣೆ ಯಾವುದನ್ನೂ ಕುಡಿಸಲಾಗದು. ಹೊಟ್ಟೆಯಲ್ಲಿದ್ದಾಗ ಮಾಡುವ ಕೇಡಿಗಿಂತ, ವಾಂತಿಯ ಕಾಲದಲ್ಲಿ ಆ ಎಣ್ಣೆಯ ಒಂದು ಗುಟುಕು ಶ್ವಾಸಕೋಶಕ್ಕಿಳಿದರೆ ಮಾಡುವ ಕೇಡು ದೊಡ್ಡದು. ಬಟ್ಟೆಗೆ ಚೆಲ್ಲಿದ್ದರೆ ಬಟ್ಟೆಯನ್ನು ತೆಗೆದು ಮೈಯನ್ನು ಸೋಪಿನಿಂದ ತೊಳೆಯಬೇಕು; ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ಬಿಡದೆ ನೀರು ಹರಿಸಬೇಕು. 108ಕ್ಕೆ ಕರೆ ಮಾಡಿ, ಎಡಮಗ್ಗುಲಾಗಿ ಮಲಗಿಸಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗಾಗಲಿ ಹತ್ತಿರದ ಸರ್ಕಾರಿ ಆಸ್ಪತ್ರೆಗಾಗಲಿ ಸಾಗಿಸತಕ್ಕದ್ದು. ಹೋಗುವಾಗ ಆ ಡಬ್ಬಿಯನ್ನು, ಅದರ ಮೇಲಿನ ಚೀಟಿಯು ಹರಿಯದಂತೆ, ಮುಚ್ಚಳ ಬಿಗಿದು ಜೊತೆಯಲ್ಲಿ ತೆಗೆದುಕೊಂಡು ಹೋಗಬೇಕು. ಒಳಗೆ ಏನಿದ್ದಿತೆಂಬುದನ್ನು ವೈದ್ಯರು ಕೇಳುವ ಮೊದಲ ಪ್ರಶ್ನೆಗೆ ಅದೇ ಉತ್ತರ.